ಹಾಡಿನ ಹಿಂದಿನ ಗುಂಯ್: ಆಡಿಯೋ ವೈರಿಗೆ ಮನೆಯಲ್ಲೇ ಶೀಲ್ಡ್ ಹಾಕುವುದು ಹೇಗೆ

ಸೆಕೆಂಡ್ ಹ್ಯಾಂಡ್ ರೆಕಾರ್ಡ್ ಪ್ಲೇಯರ್ ಒಂದನ್ನು ತಂದು ನಮ್ಮ ಹಳೇ ಆಂಪ್ಲಿಫೈಯರ್‌ಗೆ ಜೋಡಿಸಿದ ದಿನ, ಮುಳ್ಳು ಇನ್ನೂ ತಟ್ಟೆಗೆ ತಾಗಿರಲಿಲ್ಲ, ಅಷ್ಟರಲ್ಲೇ ಸ್ಪೀಕರಿನಿಂದ ಗುಂಯ್ ಅಂತ ಒಂದೇ ಸಮನೆ ಸದ್ದು ಬಂತು. ಅಡುಗೆಮನೆಯಿಂದ ಅಮ್ಮ ಕೇಳಿದರು, "ಶ್ರುತಿ ಪೆಟ್ಟಿಗೆ ಆಯ್ತು, ಹಾಡೋರು ಯಾವಾಗ ಬರ್ತಾರೋ?"

ಆವತ್ತು ನಾನು ಮಾಡಿದ ಮೊದಲ ಕೆಲಸ ಎಂದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತಂದು, ಚಪಾತಿ ಕಟ್ಟುವ ಹಾಗೆ ವೈರಿಗೆ ಸುತ್ತಿದ್ದು. ಗುಂಯ್ ಕಡಿಮೆ ಆಗಲಿಲ್ಲ. ಫಾಯಿಲ್ ಮೇಲೆ ಕೈ ಇಟ್ಟರೆ ಇನ್ನೂ ಜೋರಾಯಿತು! ತಪ್ಪು ಎಲ್ಲಿ ಅಂತ ಗೊತ್ತಾಗಲು ಎರಡು ಭಾನುವಾರ ಬೇಕಾಯಿತು. ಫಾಯಿಲ್ ಸುತ್ತಿದ್ದೆ ನಿಜ, ಆದರೆ ಅದನ್ನು ಎಲ್ಲಿಗೂ ಕಟ್ಟಿರಲಿಲ್ಲ. ಶೀಲ್ಡ್, ಅಂದರೆ ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ, ಹಾಕುವ ಕೆಲಸದಲ್ಲಿ ಸುತ್ತುವುದು ಸುಲಭದ ಭಾಗ. ಅದರ ತುದಿ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಅನ್ನುವುದರಲ್ಲೇ ಎಲ್ಲ ಇರುವುದು.

ಮೊದಲು ಸದ್ದಿನ ಜಾತಿ ನೋಡಿ

ಎಲ್ಲ ಗದ್ದಲಕ್ಕೂ ಒಂದೇ ಮದ್ದಿಲ್ಲ. ಹಾಡು ನಿಲ್ಲಿಸಿ, ವಾಲ್ಯೂಮ್ ಸ್ವಲ್ಪ ಏರಿಸಿ, ಸ್ಪೀಕರಿಗೆ ಕಿವಿ ಕೊಡಿ.

ತಂಬೂರಿಯ ಮಂದ್ರದ ಹಾಗೆ ಮೆತ್ತಗೆ, ದಪ್ಪಗೆ ಗುಂಯ್ ಅಂದರೆ ಅದು ನಮ್ಮ ಕರೆಂಟಿನ 50 ಹರ್ಟ್ಸ್. ಅದಕ್ಕಿಂತ ಒಂದು ಸ್ಥಾಯಿ ಮೇಲೆ, ಸ್ವಲ್ಪ ಒರಟಾಗಿ ಇದ್ದರೆ 100 ಹರ್ಟ್ಸ್. ಇದು ಹೆಚ್ಚಾಗಿ ಆಂಪ್ಲಿಫೈಯರಿನ ಒಳಗಿನ ಪವರ್ ಸಪ್ಲೈನಿಂದ ಬರುತ್ತದೆ. ಅಲ್ಲಿಯ ದೊಡ್ಡ ಕೆಪಾಸಿಟರ್ ಮುದಿಯಾಗಿರಬಹುದು. ಅದಕ್ಕೆ ಹೊರಗಿನ ವೈರಿಗೆ ಏನು ಸುತ್ತಿದರೂ ಉಪಯೋಗವಿಲ್ಲ. ಜೀರುಂಡೆಯ ಹಾಗೆ ಜುಯ್ ಅಂದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಲೈಟಿನ ಡಿಮ್ಮರ್, ಎಲ್‌ಇಡಿ ಬಲ್ಬಿನ ಡ್ರೈವರ್, ಇಲ್ಲವೇ ಕರೆಂಟ್ ಹೋದಾಗ ಓಡುವ ಅಗ್ಗದ ಯುಪಿಎಸ್ ಮೇಲೆ ಅನುಮಾನ ಪಡಿ. ಫ್ಯಾನ್ ಆಫ್ ಮಾಡಿ ನೋಡಿದರೆ ಒಂದು ಅನುಮಾನವಾದರೂ ಪರಿಹಾರ ಆಗುತ್ತದೆ. ಇನ್ನು ಮೊಬೈಲ್ ರಿಂಗ್ ಆಗುವ ಒಂದು ಕ್ಷಣ ಮುಂಚೆ ಸ್ಪೀಕರಿನಲ್ಲಿ ದಡದಡ ದರ್‌ರ್ ಅನ್ನುತ್ತದಲ್ಲ, ಅದು 2ಜಿ ಸಿಗ್ನಲ್. ಫೋನು ಸೆಕೆಂಡಿಗೆ ಸುಮಾರು 217 ಸಲ ಬಿಟ್ಟುಬಿಟ್ಟು ರೇಡಿಯೋ ಕಳಿಸುತ್ತದೆ. ಆ ಲಯವೇ ನಮಗೆ ಕೇಳುವುದು.

ವೈರ್ ತಪ್ಪೋ, ಬೇರೆ ಯಾರ ತಪ್ಪೋ

ಫಾಯಿಲ್‌ಗೆ ಕೈ ಹಾಕುವ ಮುಂಚೆ ಈ ನಾಲ್ಕು ಪರೀಕ್ಷೆ ಮಾಡಿ. ಹತ್ತು ನಿಮಿಷದ ಕೆಲಸ, ಪೈಸೆ ಖರ್ಚಿಲ್ಲ. ಒಂದು ಎಚ್ಚರಿಕೆ: ಪ್ರತಿ ಸಲ ವೈರ್ ತೆಗೆಯುವಾಗ, ಹಾಕುವಾಗ ವಾಲ್ಯೂಮ್ ಪೂರ್ತಿ ಇಳಿಸಿ. ನಮ್ಮ ಕೆಂಪು-ಬಿಳಿ ಆರ್‌ಸಿಎ ಪಿನ್ನಿನಲ್ಲಿ ನಡುವಿನ ಕಡ್ಡಿ ಮೊದಲು ತಾಗುತ್ತದೆ, ಸುತ್ತಲಿನ ಬಳೆ ಆಮೇಲೆ. ಆ ನಡುವಿನ ಗಳಿಗೆಯಲ್ಲಿ ಸ್ಪೀಕರ್ ಢಬ್ ಅಂತ ಒದರುತ್ತದೆ.

1. ವಾಲ್ಯೂಮ್ ಏರಿಸಿ ಇಳಿಸಿ. ಗುಂಯ್ ಅದರ ಜೊತೆ ಏರಿಳಿಯದೆ ಇದ್ದಷ್ಟೇ ಇದ್ದರೆ, ತಪ್ಪು ಆಂಪ್ಲಿಫೈಯರಿನ ಒಳಗಿದೆ. ರಿಪೇರಿಯವರಿಗೆ ಕೊಡಿ.

2. ಇನ್‌ಪುಟ್ ವೈರ್ ಪೂರ್ತಿ ತೆಗೆದು ಕೇಳಿ. ಆಗಲೂ ಗುಂಯ್ ಇದ್ದರೆ ಮತ್ತೆ ಆಂಪ್ಲಿಫೈಯರೇ. ಸದ್ದಡಗಿದರೆ ಮುಂದಕ್ಕೆ ಹೋಗಿ. ರೆಕಾರ್ಡ್ ಪ್ಲೇಯರಿಗೆಂದೇ ಇರುವ ಫೋನೋ ಇನ್‌ಪುಟ್ ಮಾತ್ರ ಖಾಲಿ ಇದ್ದಾಗ ತಾನಾಗಿಯೇ ಸ್ವಲ್ಪ ಗುಂಯ್ಗುಡುತ್ತದೆ, ಅದನ್ನು ಲೆಕ್ಕಕ್ಕೆ ತಗೋಬೇಡಿ.

3. ವೈರನ್ನು ಆಂಪ್ಲಿಫೈಯರಿಗೆ ಹಾಕಿ. ಇನ್ನೊಂದು ತುದಿಯ ಪಿನ್ನಿನಲ್ಲಿ ಕಡ್ಡಿಗೂ ಬಳೆಗೂ ಒಂದು ತುಂಡು ತಂತಿ ಸೇರಿಸಿ ಶಾರ್ಟ್ ಮಾಡಿ. ಇದು ಬರೀ ಸಿಗ್ನಲ್ ವೈರ್, ಕರೆಂಟಿನ ವೈರ್ ಅಲ್ಲ, ಹೆದರಬೇಡಿ. ಈಗಲೂ ಗುಂಯ್ ಜೋರಾಗಿದ್ದರೆ ವೈರಿನ ಬಳೆ ಕಡೆಯ ಬೆಸುಗೆ ಬಿಟ್ಟಿದೆ, ಇಲ್ಲವೇ ಹತ್ತಿರದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ವೈರಿಗೆ ಬಡಿಯುತ್ತಿದೆ. ವೈರನ್ನು ಮೆಲ್ಲಗೆ ಎತ್ತಿ ಜಾಗ ಬದಲಿಸಿ. ಸದ್ದು ಏರಿಳಿದರೆ ಎರಡನೆಯದು.

4. ವೈರನ್ನು ಪ್ಲೇಯರಿಗೋ ಟಿವಿಗೋ ಲ್ಯಾಪ್‌ಟಾಪಿಗೋ ಹಾಕಿ. ಆ ಉಪಕರಣದ ಕರೆಂಟ್ ಪ್ಲಗ್ಗನ್ನು ಗೋಡೆಯಿಂದ ಕೀಳಿ. ಗುಂಯ್ ಪಟ್ಟನೆ ನಿಂತರೆ ಅದು ಅರ್ಥಿಂಗ್ ಕಥೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದ ಕೂಡಲೇ ಸದ್ದು ಮಾಯವಾಗುವುದನ್ನು ನೀವೂ ನೋಡಿರಬಹುದು, ಅದೇ ಇದು. ಇದಕ್ಕೆ ಶೀಲ್ಡ್ ಮದ್ದಲ್ಲ. ಕೊನೆಯಲ್ಲಿ ಹೇಳುತ್ತೇನೆ.

ವೈರನ್ನು ಕೈಯಲ್ಲಿ ಹಿಡಿದಾಗ ಗುಂಯ್ ಹೆಚ್ಚುಕಡಿಮೆ ಆಗುತ್ತಿದ್ದರೆ, ಅದು ಶೀಲ್ಡ್ ಸಾಲದು ಅನ್ನುವುದಕ್ಕೆ ಒಳ್ಳೆಯ ಗುರುತು. ನಮ್ಮ ಮೈಯೇ ಒಂದು ಆಂಟೆನಾ. ಗೋಡೆಯ ವೈರಿಂಗಿನ 230 ವೋಲ್ಟ್ ಸುತ್ತ ಹರಡುವ ವಿದ್ಯುತ್ ಕ್ಷೇತ್ರವನ್ನು ಮೈ ಹಿಡಿದು ವೈರಿಗೆ ದಾಟಿಸುತ್ತದೆ. ಕೆಳಗಿನ ಎರಡೂ ವಿಧಾನ ಇಂಥ ಸದ್ದಿಗೆ.

ಚಾವಣಿ ಮತ್ತು ದಬ್ಬೆ

ಲೋಹದ ಗೂಡಿನ ಒಳಕ್ಕೆ ಹೊರಗಿನ ವಿದ್ಯುತ್ ಕ್ಷೇತ್ರ ಇಳಿಯುವುದಿಲ್ಲ ಎಂದು ಮೈಕೆಲ್ ಫ್ಯಾರಡೆ 1836ರಲ್ಲೇ ಒಂದು ಕೋಣೆಗೆ ಲೋಹದ ಹಾಳೆ ಹೊದಿಸಿ ತೋರಿಸಿದ್ದ. ನಮ್ಮ ಶೀಲ್ಡ್ ಅದರದೇ ಮರಿ. ಆದರೆ ಮಲೆನಾಡಿನವರಿಗೆ ಗೊತ್ತು, ಚಾವಣಿ ಹಾಕಿದರಷ್ಟೇ ಸಾಲದು, ಅದರ ಅಂಚಿಗೆ ನೀರು ಹರಿಸಲು ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಕಟ್ಟಬೇಕು. ಇಲ್ಲದಿದ್ದರೆ ಬಿದ್ದ ಮಳೆಯೆಲ್ಲ ಜಗುಲಿಗೇ ಇಳಿಯುತ್ತದೆ. ಫಾಯಿಲ್ ಚಾವಣಿ. ಅದಕ್ಕೆ ಬಿದ್ದ ಗದ್ದಲವನ್ನು ಆಂಪ್ಲಿಫೈಯರಿನ ಗ್ರೌಂಡಿಗೆ, ಅಂದರೆ ಅದರ ಸೊನ್ನೆ ವೋಲ್ಟಿನ ಕಡೆಗೆ, ಹರಿಸುವ ತಂತಿ ದಬ್ಬೆ. ದಬ್ಬೆ ಇಲ್ಲದ ನನ್ನ ಫಾಯಿಲ್ ಗದ್ದಲವನ್ನು ಹಿಡಿದು ನೇರ ಒಳಗಿನ ವೈರಿಗೇ ಸುರಿಯುತ್ತಿತ್ತು.

ರೆಕಾರ್ಡ್ ಪ್ಲೇಯರಿಗೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಟಿವಿಯಂಥ ಉಪಕರಣಗಳ ಲೈನ್ ಸಿಗ್ನಲ್ ಸುಮಾರು 0.3 ವೋಲ್ಟ್ ಇದ್ದರೆ, ಮುಳ್ಳಿನ ಅದುರನ್ನು ಸಿಗ್ನಲ್ ಮಾಡುವ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು 5 ಮಿಲಿವೋಲ್ಟ್ ಆಸುಪಾಸು. ಆಂಪ್ಲಿಫೈಯರ್ ಅದನ್ನು ಅಷ್ಟು ಪಟ್ಟು ಜಾಸ್ತಿ ಹಿಗ್ಗಿಸಬೇಕು. ಜೊತೆಗೆ ಗುಂಯ್ ಕೂಡ ಹಿಗ್ಗುತ್ತದೆ. ಸ್ಪೀಕರ್ ವೈರಿನ ಕಥೆ ಇದಕ್ಕೆ ತಿರುಗಾಮುರುಗಾ. ಅಲ್ಲಿ ಸಿಗ್ನಲ್ ಆಗಲೇ ದೊಡ್ಡದಾಗಿದೆ. ಸ್ಪೀಕರ್ ವೈರಿಗೆ ಶೀಲ್ಡ್ ಬೇಕೇ ಬೇಕು ಅಂತ ಯಾರಾದರೂ ಮಾರಲು ಬಂದರೆ ಟೀ ಕುಡಿಸಿ ಕಳಿಸಿ.

ಮೊದಲ ವಿಧಾನ: ಇರುವ ವೈರಿಗೇ ಫಾಯಿಲ್

ಬೇಕಾದ್ದು ಇಷ್ಟು: ಅಡುಗೆಮನೆಯ ಫಾಯಿಲ್, ವೈರಿನ ಉದ್ದಕ್ಕಿಂತ ಒಂದು ಗೇಣು ಜಾಸ್ತಿ ಇರುವ ಸಣ್ಣ ಬರಿ ತಾಮ್ರದ ತಂತಿ, ಇನ್ಸುಲೇಷನ್ ಟೇಪ್, ಬೀಪ್ ಸದ್ದು ಮಾಡುವ ಮಲ್ಟಿಮೀಟರ್. ತಾಮ್ರದ ತಂತಿಗೆ ಕಲಾಯಿ ಹಾಕಿದ್ದು ಸಿಕ್ಕಿದರೆ ಒಳ್ಳೆಯದು. ಮಂಗಳೂರು, ಕಾರವಾರದ ಕಡೆಯ ತೇವದ ಗಾಳಿಯಲ್ಲಿ ಬರಿ ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ಪುಡಿಯಾಗುತ್ತದೆ. ಫಾಯಿಲಿನ ಹೊಳೆಯುವ ಬದಿ ಒಳಗೋ ಹೊರಗೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಾವುದಾದರೂ ನಡೆಯುತ್ತದೆ.

ಎಡ ಬಲದ ಎರಡು ವೈರುಗಳನ್ನು ಮೊದಲು ಅಲ್ಲಲ್ಲಿ ಟೇಪ್ ಹಾಕಿ ಜೋಡಿಸಿಕೊಳ್ಳಿ. ಅವು ದೂರ ದೂರ ಹರಡಿಕೊಂಡರೆ ನಡುವೆ ದೊಡ್ಡ ಕುಣಿಕೆ ಆಗುತ್ತದೆ. ಕುಣಿಕೆ ದೊಡ್ಡದಾದಷ್ಟೂ ಗುಂಯ್ ಹಿಡಿಯುವುದು ಜಾಸ್ತಿ. ಆಮೇಲೆ ತಾಮ್ರದ ತಂತಿಯನ್ನು ವೈರಿನ ಉದ್ದಕ್ಕೂ ಮಲಗಿಸಿ, ಎರಡು ಕಡೆ ಸಣ್ಣ ಟೇಪಿನಲ್ಲಿ ಹಿಡಿಸಿ. ಆಂಪ್ಲಿಫೈಯರ್ ಕಡೆ ಆ ಒಂದು ಗೇಣು ಹೊರಗಿರಲಿ.

ಫಾಯಿಲನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಕ್ರಿಕೆಟ್ ಬ್ಯಾಟಿನ ಹಿಡಿಗೆ ಗ್ರಿಪ್ ಸುತ್ತುವ ಹಾಗೆ ಓರೆಯಾಗಿ ಸುತ್ತುತ್ತಾ ಹೋಗಿ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧದ ಮೇಲೆ ಕೂರಬೇಕು. ತಾಮ್ರದ ತಂತಿ ಫಾಯಿಲಿಗೆ ಅಂಟಿಕೊಂಡು ಒಳಗಿರಲಿ. ಈ ತಂತಿ ಯಾಕೆ ಪೂರ್ತಿ ಉದ್ದಕ್ಕೂ ಬೇಕು ಅಂದರೆ, ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಇರುತ್ತದೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸಂಪರ್ಕ ನಂಬುವ ಹಾಗಿಲ್ಲ. ಮಾಮೂಲಿ ಸೀಸದ ಬೆಸುಗೆಯೂ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ. ನಾನು ಪ್ರಯತ್ನಪಟ್ಟೆ, ಬೆಸುಗೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಉರುಳಿಹೋಯಿತು. ಉದ್ದಕ್ಕೂ ತಂತಿ ಒತ್ತಿಕೊಂಡಿದ್ದರೆ ಎಲ್ಲ ಪಟ್ಟಿಗಳಿಗೂ ಅದೇ ದಾರಿ.

ಪ್ಲೇಯರ್ ಕಡೆ ಪಿನ್ನಿಗಿಂತ ಒಂದು ಬೆರಳಗಲ ಹಿಂದೆಯೇ ಫಾಯಿಲ್ ನಿಲ್ಲಿಸಿ. ಅಲ್ಲಿ ಅದು ಯಾವ ಲೋಹಕ್ಕೂ ತಾಗಬಾರದು. ಈಗ ಫಾಯಿಲ್ ಮೇಲೆ ಒತ್ತಾಗಿ ಟೇಪ್ ಸುತ್ತಿ. ಟೇಪ್ ಜಿಪುಣತನ ಬೇಡ. ಹಿಂಬದಿಯಲ್ಲಿ ಫಾಯಿಲ್ ಚೂರು ಕಿತ್ತು ಬಂದು ಕರೆಂಟಿನ ಸಾಕೆಟ್ಟಿಗೆ ಬಿದ್ದರೆ ಗತಿ ಏನು?

ಹೊರಗೆ ಉಳಿದ ತಾಮ್ರದ ಬಾಲವನ್ನು ಆಂಪ್ಲಿಫೈಯರಿನ ಹಿಂದಿರುವ ಜಿಎನ್‌ಡಿ (GND, ಗ್ರೌಂಡ್) ಎಂದು ಬರೆದ ಸ್ಕ್ರೂಗೆ ಕಟ್ಟಿ. ಅದಿಲ್ಲದಿದ್ದರೆ ಆ ಕಡೆಯ ಆರ್‌ಸಿಎ ಪಿನ್ನಿನ ಲೋಹದ ಹೊರಕವಚಕ್ಕೆ ಬಿಗಿಯಾಗಿ ಸುತ್ತಿ. ಕಟ್ಟುವಾಗ ಆಂಪ್ಲಿಫೈಯರಿನ ಪ್ಲಗ್ ಗೋಡೆಯಿಂದ ಹೊರಗಿರಲಿ. ಮುಚ್ಚಳ ಬಿಚ್ಚಿ ಒಳಗೆ ಕಟ್ಟುವ ಸಾಹಸ ಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ಕೊನೆಗೆ ವೈರನ್ನು ಎರಡೂ ಕಡೆಯಿಂದ ಬಿಡಿಸಿ ಮೀಟರ್ ಹಿಡಿಯಿರಿ. ಬಾಲಕ್ಕೂ ದೂರದ ತುದಿಯ ಫಾಯಿಲಿಗೂ ಬೀಪ್ ಬರಬೇಕು. ಬಾಲಕ್ಕೂ ನಡುವಿನ ಕಡ್ಡಿಗೂ ಬರಬಾರದು. ಬಂದರೆ ಎಲ್ಲೋ ತಾಗಿದೆ, ಬಿಚ್ಚಿ ನೋಡಿ.

ಇನ್ನೊಂದು ಮಾತು. ರೆಕಾರ್ಡ್ ಪ್ಲೇಯರಿನಿಂದ ಕೆಂಪು ಬಿಳಿ ವೈರಿನ ಜೊತೆ ಒಂದು ಸಣ್ಣ ಒಂಟಿ ತಂತಿ, ತುದಿಯಲ್ಲಿ ಕವಲು ಇರುವಂಥದ್ದು, ಬರುತ್ತದೆ. ಅದೇ ಜಿಎನ್‌ಡಿ ಸ್ಕ್ರೂಗೆ ಹೋಗಬೇಕಾದ್ದು. ನನ್ನದು ಮೇಜಿನ ಹಿಂದೆ ಬಿದ್ದುಕೊಂಡಿತ್ತು. ಅದನ್ನು ಸಿಕ್ಕಿಸಿ ತಿರುಗಿಸಿದ ಕೂಡಲೇ ಮುಕ್ಕಾಲು ಪಾಲು ಗುಂಯ್ ಹೋಯಿತು. ಎರಡು ಭಾನುವಾರ ದಂಡ ಮಾಡಿದ ಮೇಲೆ ಸಿಕ್ಕ ತಂತಿ ಅದು. ಉಳಿದ ಕಾಲು ಪಾಲಿಗೆ ಮಾತ್ರ ಫಾಯಿಲ್ ಬೇಕಾಯಿತು.

ಎರಡನೆಯ ವಿಧಾನ: ಹೊಸ ವೈರ್ ಮಾಡಿಕೊಳ್ಳುವುದು

ಬೆಸುಗೆ ಹಾಕಲು ಬರುತ್ತದೆ ಅಂದರೆ ಇದೇ ಒಳ್ಳೆಯದು. ಫಾಯಿಲ್ ಸುತ್ತಿದ ವೈರ್ ನೋಡಲು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗಿರುತ್ತದೆ. ನಾಲ್ಕು ಸಲ ಬಗ್ಗಿಸಿದರೆ ಒಳಗೆ ಹರಿದೂ ಹೋಗುತ್ತದೆ.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೋ ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲೋ "ಎರಡು ಕೋರ್ ಮೈಕ್ ವೈರ್" ಕೇಳಿ. ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಒಳಗೆ ಹೆಣೆದುಕೊಂಡ ಎರಡು ಬಣ್ಣದ ಎಳೆ, ಅವುಗಳ ಸುತ್ತ ತಾಮ್ರದ ಜಾಲರಿ. ತುದಿ ಸುಲಿದು ಜಾಲರಿ ಎಷ್ಟು ಒತ್ತಾಗಿದೆ ಅಂತ ನೋಡಿಯೇ ತಗೊಳ್ಳಿ. ಕೆಲವು ಅಗ್ಗದ ವೈರಿನಲ್ಲಿ ನಾಲ್ಕೆಂಟು ಎಳೆ ಸುಮ್ನೆ ಒಂದು ಬದಿಗೆ ಮಲಗಿರುತ್ತವೆ. ಮನೆಯಲ್ಲಿ ಬಿದ್ದಿರುವ ಡಿಶ್ ಕೇಬಲಿನ ಜಾಲರಿ ಆಗುತ್ತದಲ್ಲ ಅನ್ನಬೇಡಿ. ಅದು ಹೆಚ್ಚಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಜೊತೆಗೆ ನಾಲ್ಕು ಆರ್‌ಸಿಎ ಪಿನ್, ಲೋಹದ ಕವಚ ಇರುವುದು.

ಎಡಕ್ಕೊಂದು ಬಲಕ್ಕೊಂದು ವೈರ್, ಎರಡಕ್ಕೂ ಜೋಡಣೆ ಒಂದೇ. ಕೆಂಪು ಎಳೆ ಎರಡೂ ತುದಿಯಲ್ಲಿ ನಡುವಿನ ಕಡ್ಡಿಗೆ. ಬಿಳಿ ಎಳೆ ಎರಡೂ ತುದಿಯಲ್ಲಿ ಬಳೆಗೆ. ಜಾಲರಿ ಮಾತ್ರ ಆಂಪ್ಲಿಫೈಯರ್ ತುದಿಯಲ್ಲಿ ಬಿಳಿಯ ಜೊತೆ ಬಳೆಗೆ. ಪ್ಲೇಯರ್ ತುದಿಯಲ್ಲಿ ಜಾಲರಿಯನ್ನು ಬುಡಕ್ಕೆ ಕತ್ತರಿಸಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬ್, ಅಂದರೆ ಬಿಸಿ ತಾಗಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ, ಹಾಕಿ ಮುಚ್ಚಿಬಿಡಿ. ಹಾಡು ಹೋಗಿಬರುವುದು ಒಳಗಿನ ಎರಡು ಎಳೆಗಳಲ್ಲಿ. ಜಾಲರಿಗೆ ಕಾವಲು ಬಿಟ್ಟು ಬೇರೆ ಕೆಲಸ ಇಲ್ಲ.

ಕೆಲವರು ಜಾಲರಿಯನ್ನು ಪ್ಲೇಯರ್ ಕಡೆ ಕಟ್ಟುತ್ತಾರೆ. ಮನೆಯ ಒಂದೆರಡು ಮೀಟರಿನಲ್ಲಿ ಅಂಥ ವ್ಯತ್ಯಾಸ ಏನೂ ಇಲ್ಲ. ವೈರನ್ನು ತಿರುಗಿಸಿ ಹಾಕಿ ಕೇಳಿ, ಯಾವುದು ಸುಮ್ಮನಿರುತ್ತದೋ ಅದನ್ನು ಇಟ್ಟುಕೊಳ್ಳಿ. ಆದರೆ ಜಾಲರಿ ಕಟ್ಟಿದ ತುದಿಗೆ ಒಂದು ಬಣ್ಣದ ಟೇಪ್ ಹಾಕಿಡಿ, ಮೂರು ತಿಂಗಳಿಗೆ ಯಾವ ತುದಿ ಯಾವುದು ಅಂತ ನಿಮಗೇ ಮರೆತಿರುತ್ತದೆ.

ಬೆಸುಗೆಗೆ 25 ವ್ಯಾಟಿನ ಐರನ್ ಸಾಕು. ಎಳೆಗೂ ಪಿನ್ನಿಗೂ ಮೊದಲು ಬೇರೆ ಬೇರೆಯಾಗಿ ಸೀಸ ಹಚ್ಚಿಕೊಂಡು ಆಮೇಲೆ ಕೂಡಿಸಿ. ಐರನ್ ತುದಿಯನ್ನು ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬೇಡಿ, ಒಳಗಿನ ಪ್ಲಾಸ್ಟಿಕ್ ಕರಗಿ ಕಡ್ಡಿ ವಾಲಿಬಿಡುತ್ತದೆ. ಕಿಟಕಿ ತೆಗೆದಿರಲಿ, ಮುಗಿದ ಮೇಲೆ ಕೈ ತೊಳೆಯಿರಿ. ಮತ್ತೆ, ಪಿನ್ನಿನ ಕವಚವನ್ನು ಬೆಸುಗೆಗೆ *ಮುಂಚೆ* ವೈರಿಗೆ ಪೋಣಿಸಿ. ಇದನ್ನು ಮರೆಯದವರು ಯಾರೂ ಇಲ್ಲ. ಸೊಗಸಾದ ಬೆಸುಗೆ ಹಾಕಿ, ಊದಿ, ಮೆಚ್ಚಿಕೊಂಡು, ತಿರುಗಿ ನೋಡಿದರೆ ಕವಚ ಮೇಜಿನ ಮೇಲೆ ಕೂತು ನಗುತ್ತಿರುತ್ತದೆ.

ರೆಕಾರ್ಡ್ ಪ್ಲೇಯರಿಗಾದರೆ ವೈರ್ ಒಂದು ಮೀಟರ್ ದಾಟದಿರಲಿ. ಶೀಲ್ಡ್ ಇರುವ ವೈರ್ ಪ್ರತಿ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಕೆಪಾಸಿಟೆನ್ಸ್ ಸೇರಿಸುತ್ತದೆ. ಅದು ಜಾಸ್ತಿಯಾದರೆ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ ತಾರಸ್ಥಾಯಿಯ ಸ್ವರ ಕೆಡುತ್ತದೆ.

ಈ ಎರಡು ಎಳೆಯ ವೈರಿಗೆ ಒಂದು ದೌರ್ಬಲ್ಯವಿದೆ, ಅದನ್ನು ಮಾರುವವರು ಹೇಳುವುದಿಲ್ಲ. ಉಪಕರಣಗಳ ನಡುವೆ ಸೋರುವ ಕರೆಂಟ್ ಹರಿಯುತ್ತಿದ್ದರೆ ಅದು ಆ ಸಣ್ಣ ಬಿಳಿ ಎಳೆಯಲ್ಲೇ ಹೋಗಬೇಕು. ಉದಾಹರಣೆಗೆ 1 ಮಿಲಿಆಂಪ್ ಕರೆಂಟ್ ಅನ್ನಿ. ಬಳೆಗಳ ಸಂಪರ್ಕವೂ ಸೇರಿ ದಾರಿಯ ರೆಸಿಸ್ಟೆನ್ಸ್ 0.1 ಓಮ್ ಇದ್ದರೆ ಹುಟ್ಟುವ ಗುಂಯ್ 0.1 ಮಿಲಿವೋಲ್ಟ್. 0.3 ವೋಲ್ಟಿನ ಹಾಡಿನ ಮುಂದೆ ಅದು ಹತ್ತಿರಹತ್ತಿರ 70 ಡೆಸಿಬೆಲ್ ಕೆಳಗೆ, ಕಿವಿಗೆ ಬೀಳುವುದು ಕಷ್ಟ. ಅದೇ ದಾರಿ 1 ಓಮ್ ಆದರೆ 1 ಮಿಲಿವೋಲ್ಟ್, 50 ಡೆಸಿಬೆಲ್ ಮಾತ್ರ ಕೆಳಗೆ. ರಾತ್ರಿ ಹೊತ್ತು ಚೆನ್ನಾಗಿಯೇ ಕೇಳುತ್ತದೆ. ಹಾಗಾಗಿ ಐದಾರು ಮೀಟರಿನ ಉದ್ದದ ವೈರಿಗೆ ನಾನು ಈ ಜೋಡಣೆ ಮಾಡುವುದಿಲ್ಲ. ದಪ್ಪ ತಾಮ್ರದ ಜಾಲರಿಯ ಒಂಟಿ ಎಳೆಯ ವೈರ್ ತಂದು, ಜಾಲರಿಯನ್ನು ಎರಡೂ ತುದಿಗೆ ಕಟ್ಟುತ್ತೇನೆ. ಬಳೆಗೆ ಕಿಲುಬು ಹಿಡಿದಿದ್ದರೆ ಒರೆಸಿ ಹಾಕಿ, ಅದೂ ಓಮ್ ಲೆಕ್ಕಕ್ಕೇ ಸೇರುವುದು.

ಫಾಯಿಲ್ ಕೈ ಎತ್ತುವ ಜಾಗ

ಟ್ರಾನ್ಸ್‌ಫಾರ್ಮರ್, ಅಡಾಪ್ಟರ್, ಹಳೇ ಟ್ಯೂಬ್‌ಲೈಟಿನ ಚೋಕ್, ಇವುಗಳಿಂದ ಬರುವುದು ಕಾಂತಕ್ಷೇತ್ರ. ಅದರ ಮುಂದೆ ಫಾಯಿಲ್ ಇದ್ದೂ ಇಲ್ಲದ ಹಾಗೆ. 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ಅಲ್ಯೂಮಿನಿಯಂನಲ್ಲಿ ತಕ್ಕಮಟ್ಟಿಗೆ ತಡೆಯಲು ಸುಮಾರು 12 ಮಿಲಿಮೀಟರ್ ದಪ್ಪ ಬೇಕು. ಅಡುಗೆಮನೆಯ ಫಾಯಿಲ್ ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎಷ್ಟು ಸುತ್ತು ಹಾಕಬೇಕು ಅಂತ ನೀವೇ ಲೆಕ್ಕ ಹಾಕಿ.

ಇಲ್ಲಿ ಕೆಲಸ ಮಾಡುವುದು ಎರಡು. ಒಂದು, ದೂರ. ಆಡಿಯೋ ವೈರ್ ಮತ್ತು ಕರೆಂಟ್ ವೈರ್ ನಡುವೆ ಒಂದು ಅಡಿ ಬಿಡಿ. ದಾಟಲೇಬೇಕು ಅಂದರೆ ನಾಲ್ಕು ರಸ್ತೆ ಕೂಡುವ ಹಾಗೆ ಅಡ್ಡಡ್ಡ ದಾಟಲಿ, ಜೊತೆಜೊತೆಗೆ ಓಡುವುದು ಬೇಡ. ಹೆಚ್ಚಾದ ವೈರನ್ನು ಸುರುಳಿ ಸುತ್ತಿ ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ಇಡುವ ಅಭ್ಯಾಸ ನಮಗೆಲ್ಲ ಇದೆ. ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಎರಡು, ಹೆಣಿಗೆ. ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡಿದ್ದರೆ ಒಂದು ತಿರುವಿನಲ್ಲಿ ಹತ್ತಿದ ಗುಂಯ್ ಮುಂದಿನ ತಿರುವಿನಲ್ಲಿ ಕಳೆದುಹೋಗುತ್ತದೆ. ಮೈಕ್ ವೈರಿನ ಎಳೆಗಳು ಹೆಣೆದಿರುವುದು ಅದಕ್ಕೇ.

ಕಂಪ್ಯೂಟರ್ ವೈರಿನಲ್ಲಿ ಕಾಣುವ ಕಪ್ಪು ಗುಂಡು, ಅಂದರೆ ಫೆರೈಟ್, ಮೊಬೈಲಿನ ದಡದಡಕ್ಕೆ ಉಪಯೋಗಕ್ಕೆ ಬರುತ್ತದೆ. ಕರೆಂಟಿನ ಗುಂಯ್‌ಗೆ ಅಲ್ಲ. ಅದಕ್ಕಿಂತ ಫೋನನ್ನು ಆಂಪ್ಲಿಫೈಯರ್ ಮೇಲಿಂದ ಎತ್ತಿ ಆಚೆ ಇಡುವುದು ಅಗ್ಗ.

ಅರ್ಥಿಂಗ್ ಕಥೆ

ನಾಲ್ಕನೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಗೆ ಇದು. ಎರಡು ಉಪಕರಣ ಬೇರೆ ಬೇರೆ ಜಾಗದಲ್ಲಿ ಅರ್ಥ್ ಆಗಿದ್ದರೆ ಆ ಎರಡು ಅರ್ಥ್‌ಗಳ ನಡುವೆ ಚೂರು ವೋಲ್ಟೇಜ್ ಇರುತ್ತದೆ. ಆಡಿಯೋ ವೈರಿನ ಬಳೆ ಅವೆರಡನ್ನೂ ಜೋಡಿಸಿ ವರ್ತುಲ ಪೂರ್ತಿ ಮಾಡುತ್ತದೆ. ಕರೆಂಟ್ ಹರಿಯುತ್ತದೆ, ಗುಂಯ್ ಹುಟ್ಟುತ್ತದೆ.

ಮೊದಲು ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ಹಾಕಿ. ಟಿವಿ ಇದ್ದರೆ ಸೆಟ್‌ಟಾಪ್ ಬಾಕ್ಸಿನ ಹಿಂದಿನ ಡಿಶ್ ಕೇಬಲ್ ಬಿಚ್ಚಿ ಕೇಳಿ. ತಾರಸಿಯಿಂದ ಇಳಿದು ಬರುವ ಆ ಕೇಬಲೇ ಎಷ್ಟೋ ಮನೆಗಳಲ್ಲಿ ಕಳ್ಳ. ಟಿವಿಗೂ ಆಂಪ್ಲಿಫೈಯರಿಗೂ ಆಪ್ಟಿಕಲ್ ಕಿಂಡಿ ಇದ್ದರೆ ಅದನ್ನೇ ಬಳಸಿ. ಅದರಲ್ಲಿ ಬೆಳಕು ಹೋಗುತ್ತದೆ, ತಾಮ್ರವೇ ಇಲ್ಲ, ವರ್ತುಲವೂ ಇಲ್ಲ. ಇಲ್ಲವಾದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಒಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್. ಹಾಡನ್ನು ದಾಟಿಸಿ ಅರ್ಥ್ ಸಂಪರ್ಕ ಕಡಿಯುತ್ತದೆ. ತೀರಾ ಅಗ್ಗದ್ದಾದರೆ ಮೃದಂಗದ ಎಡಬದಿಯ ಗುಮ್ಮು ತೆಳ್ಳಗಾಗುತ್ತದೆ. ಫೋನೋ ವೈರಿಗೆ ಇದನ್ನು ಹಾಕಬೇಡಿ, ಲೈನ್ ಸಿಗ್ನಲಿಗೆ ಮಾತ್ರ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಆ ದಪ್ಪ ಉದ್ದ ಪಿನ್ ಮುರಿದುಹಾಕಿದರೆ ಗುಂಯ್ ಹೋಗುತ್ತದೆ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಹೋಗುತ್ತದೆ, ನಿಜ. ಒಳಗೆ ಎಂದಾದರೂ ಇನ್ಸುಲೇಷನ್ ಕೈಕೊಟ್ಟರೆ ಆಂಪ್ಲಿಫೈಯರಿನ ಲೋಹದ ಮೈಗೆ 230 ವೋಲ್ಟ್ ಬಂದು ಕೂತಿರುತ್ತದೆ, ಮುಟ್ಟಿದವರು ಹೋಗುತ್ತಾರೆ. ಆ ಪಿನ್ನಿಗೆ ಕೈ ಹಚ್ಚಬೇಡಿ. ಕರೆಂಟಿನ ವೈರಿಗೆ, ಅಡಾಪ್ಟರಿಗೆ ಫಾಯಿಲ್ ಸುತ್ತುವುದೂ ಬೇಡ.

ಬೇಸಿಗೆಯಲ್ಲಿ ಗುಂಯ್ ಜಾಸ್ತಿ, ಮಳೆಗಾಲದಲ್ಲಿ ಕಡಿಮೆ ಅನ್ನಿಸಿದರೆ ಅದು ಭ್ರಮೆಯಲ್ಲ. ನಮ್ಮ ಮನೆಗೆ ಬಂದ ಎಲೆಕ್ಟ್ರಿಷಿಯನ್ ಬೋರ್ಡ್ ನೋಡುವ ಮುಂಚೆ ಕೇಳಿದ್ದು ಇದನ್ನೇ: "ಸಾರ್, ಅರ್ಥ್ ಗುಂಡಿಗೆ ನೀರು ಹಾಕಿ ಎಷ್ಟು ದಿನ ಆಯ್ತು?" ಉಪ್ಪು, ಇದ್ದಿಲು ತುಂಬಿದ ಆ ಗುಂಡಿ ಎಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ತುಳಸಿಕಟ್ಟೆಯ ಹಿಂದೆ ಇತ್ತು, ಮಣ್ಣು ಹುಡಿಹುಡಿ. ನಾಲ್ಕು ಕೊಡ ನೀರು ಕುಡಿಯಿತು. ಮಾರ್ಚ್ ಬಂದರೆ ಈಗ ವಾರಕ್ಕೊಮ್ಮೆ ಗಿಡಕ್ಕೆ ಹಾಕುವಾಗ ಅದಕ್ಕೂ ಒಂದು ಬಕೆಟ್.

ಇಷ್ಟೆಲ್ಲ ಆದ ಮೇಲೂ ನಮ್ಮ ಸ್ಪೀಕರಿನಲ್ಲಿ ಬೆಳಿಗ್ಗೆ ಏಳೂವರೆಗೆ ಚರ್‌ಚರ್ ಅಂತ ಬರುತ್ತದೆ. ಅದು ಅಡುಗೆಮನೆಯ ಮಿಕ್ಸಿ, ಅದರ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತದೆ, ಗದ್ದಲ ಕರೆಂಟಿನ ದಾರಿಯಲ್ಲೇ ಬರುತ್ತದೆ. ಫಿಲ್ಟರ್ ಇರುವ ಬೋರ್ಡ್ ಹಾಕಿದರೆ ಸ್ವಲ್ಪ ತಗ್ಗುತ್ತದಂತೆ, ತರಬೇಕು. ಸದ್ಯಕ್ಕೆ ಚಟ್ನಿ ಆಗುವ ತನಕ ಮುಳ್ಳು ಎತ್ತಿಡುತ್ತೇನೆ.